ಷರಾ ಕಾಲಂ, ಭಾಗಮಂಡಲ

ಟ್ಯಾಬ್ಲೆಟ್ಟಿನ ಹೊಟ್ಟೆಯೊಳಗೆ
ತೊಂಬತ್ತೆಂಟರ ವಿಂಡೋಸ್ ಕಣ್ಣು ಬಿಡಲು
ಹನ್ನೊಂದು ನಿಮಿಷ. ಅಷ್ಟರಲ್ಲಿ ಜತ್ತಪ್ಪ
ಎರಡು ಡಬ್ಬ ಜೇನು ತೂಗಿಸಿ, ಚೀಟಿ ಪಡೆದು ಹೋದ.

ಮೊದಲು ತಡಕಿದ್ದು ಫ್ಲಾಪಿಗೆ.
ಇಲ್ಲ ಮಾರಾಯ, ಅಂದೆ.
ಆಮೇಲೆ ಮೌಸ್. ಆಮೇಲೆ ಪ್ರಿಂಟರು,
ಅದರಲ್ಲಿ ಇಲಿ ಮರಿಹಾಕಿ
ಗುಜರಿಗೆ ಕೊಟ್ಟು ಎಂಟು ವರ್ಷ.
ಎಲ್ಲ ಇದೆ ಇದೆ ಎಂದು ಸುಳ್ಳು ಹೇಳಲು
ಎಮ್ಯುಲೇಟರ್ ನನಗಿಂತ ಗಟ್ಟಿಗ.

ಬಾಣ ಎಳ್ಳಿನಷ್ಟು,
ನನ್ನ ಬೆರಳು ಬಾಳೆಕಾಯಿ.
'ಸದಸ್ಯರು' ಒತ್ತಿದರೆ 'ಅಳಿಸಲೇ?' ಅನ್ನುತ್ತದೆ.
ಬೇಡ, ಬೇಡ.

ಕೊನೆಗೆ ಸಿಕ್ಕಿತು:
ನಾನೂರ ಹನ್ನೆರಡು. ಬೊಳ್ಳವ್ವ, ಚೇರಂಗಾಲ.
ಪೆಟ್ಟಿಗೆ ಐದು. ಮುಂಗಡ ಮುನ್ನೂರು.
ಷರಾ: ಹುಳ ಎದ್ದು ಹೋಗಿವೆ,
ವಾಪಸು ಬಂದರೆ ತಿಳಿಸುವರು.
ಟೈಪು ಮಾಡಿದ್ದು ನಾನೇ. ನೆನಪಿಲ್ಲ.

ಷೇರು ಹಣ ಕೇಳಿ ಬಂದ ಅವಳ ಮೊಮ್ಮಗ
ಬೆಂಚಿನ ತುದಿಯಲ್ಲಿ ಕೂತಿದ್ದಾನೆ.
"ಬಂದವಾ?" ಕೇಳಿದೆ.
"ಯಾವುವು?" ಅಂದ.

'ತಿಳಿಸುವರು' ಆದಮೇಲೆ
ಕರ್ಸರ್ ಮಿಟುಕುತ್ತಲೇ ಇತ್ತು.
ಇನ್ನೂ ಇಲ್ಲ, ಎಂದು ಸೇರಿಸಿ
ಸೇವ್ ಒತ್ತಿದೆ.
ಇಸವಿ ಕೇಳಿತು.
ಎರಡೇ ಅಂಕಿಗೆ ಜಾಗ.