ತೊಯ್ದ ಹಗ್ಗದ ನಿಯಮ

ಬೆಟಗೇರಿಯೊಳಗ, ಬೈಂಡಿಂಗ್ ಅಂಗಡಿ ಮಾಳಿಗಿ ಮ್ಯಾಲ,
ಐತವಾರ ಮಧ್ಯಾಹ್ನ ನಾವು ಐದು ಮಂದಿ
ನಾವಲ್ಲದವರಾಗತೀವಿ.

ಮಗ್ಗದ ಲೆಕ್ಕ ಬರಿಯೂ ಅಂಬಾಸಾ ಅಲ್ಲೆ ಕಳ್ಳ.
ಪರಿಮಳಾ ಟೀಚರು ಕೂಲಿಗೆ ಕತ್ತಿ ಹಿಡಿಯೂ ಸಿಪಾಯಿ.
ಸ್ಟೇಷನ್ನಿನ್ಯಾಗ ಟಿಕೀಟು ಹರಿಯೂ ದಾವಲ
ಹಕ್ಕಿ ಮಾತು ಬಲ್ಲ ಸನ್ಯಾಸಿ.
ಕಳಕಪ್ಪ ಮಾತ್ರ, ಯಾವ ಪಾತ್ರ ಕೊಟ್ರೂ, ಕಳಕಪ್ಪನ.
ನಾನು ಕಥಿ ನಡಸಾಂವ. ಬಾಗಲಾ, ಬಾವಿ, ಭೂತ, ಗುಡುಗು ನಾನ.
ಆರು ದಿನ ಮಂದಿ ಪುಸ್ತಕದ ತಪ್ಪು ತಿದ್ದತೀನಿ,
ಏಳನೇ ದಿನ ನನ್ನ ಪುಸ್ತಕ ಬೆಳಸತೀನಿ.

ಮೊದಲ ಇದು ಒಂದ ಹಾಳಿ ಇತ್ತು,
ಹತ್ತನೇ ಇಯತ್ತಾ ಗೈಡಿನ ಕರಡಿನ ಬೆನ್ನಿಗೆ ಬರದದ್ದು:
ದಾಳ ಉರುಳಸ್ರಿ, ಹನ್ನೊಂದರ ಮ್ಯಾಲ ಬಿದ್ರ ಆತು.
ಈಗ ಇನ್ನೂರಾ ಹದಿನಾಕು ಪುಟ,
ರಟ್ಟು, ಕೆಂಪು ಕ್ಯಾಲಿಕೊ ಬೆನ್ನು.
ಕತ್ತಲಿಗೆ ಮೂರು ನಮೂನಿ. ಹಸಿವಿಗೆ ಕೋಷ್ಟಕ.
ಅರವತ್ತಮೂರನೇ ಪುಟಕ್ಕ ಬದನೀಕಾಯಿ ಬಜಿ ಎಣ್ಣಿ,
ಅದರೊಳಗ ಮಸಕ ಮಸಕ ವಿಷದ ನಿಯಮ.

ಹ್ವಾದ ವಾರ ಕಳಕಪ್ಪನ ತಂಗಿ ಮಗಳು ಬಂದಿದ್ಲು,
ಸಿಂಚನಾ, ಹನ್ನೆರಡು ವರ್ಷ.
"ಬಾವಿಗೆ ಇಳೀತೀನಿ," ಅಂದ್ಲು.
ನಾವು ಪುಟ ತಿರುವಿದ್ವಿ.
ಹಗ್ಗ ಎಷ್ಟು ಮಾರು? ಹೆಗಲಿಗೆ ಎಷ್ಟು ಭಾರ?
ತೊಯ್ದದೋ, ಒಣಗೇದೋ? ಕತ್ತಲಿ ಯಾವ ನಮೂನಿ?
ಅಂಬಾಸಾ ಕೂಡಿಸಿದ, ಟೀಚರು ಕಳದ್ರು,
ಕರೆಂಟು ಹೋತು, ಬಂತು.
ಕಿಡಕ್ಯಾಗ ಕುಂತ ಹುಡುಗಿ ಅಂದ್ಲು:
"ಮಾವಾ, ಇಷ್ಟೊತ್ತಿಗೆ ಖರೇ ಬಾವಿನ ಇಳದು
ನೀರ ಕುಡದು ಬರ್ತಿದ್ದೆ."

ಆ ರಾತ್ರಿ ಕೆಂಪು ಪೆನ್ನು ತಗೊಂಡು ಕುಂತೆ,
ಅರ್ಧಾ ಹೊಡದು ಹಾಕೂದು ಅಂತ.
ಕೈ ತೊಯ್ದ ಹಗ್ಗದ ಹತ್ರ ಬಂದು ನಿಂತತು.

ನಾ ಮೊದಲ ಬರದದ್ದು: ತೊಯ್ದ್ರ ಜಾರತದ, ಎರಡು ಕಳೀರಿ.
ಆ ಎರಡಕ್ಕ ದಾವಲನ ಸನ್ಯಾಸಿ ಬಾವಿಗೆ ಬಿದ್ದ.
ದಾವಲ ಎಂಟು ದಿವಸ ನನ್ನ ಜೋಡಿ ಮಾತಾಡಲಿಲ್ಲ.
ಒಂಬತ್ತನೇ ದಿವಸ ಪುಂಡಿನಾರಿನ ಹಗ್ಗ ಹೊತ್ತು ಬಂದ,
ಅವರಪ್ಪ ಹೊಸೆದದ್ದು.
ಬಕೀಟಿನ್ಯಾಗ ಅದ್ದಿದ, ಹಿತ್ತಲ ಬೇವಿನ ಗಿಡಕ್ಕ ಕಟ್ಟಿದ,
ಅಂಬಾಸಾನ್ನ ಜೋತುಬಿಟ್ಟ.
ಗಂಟು ಬಿಗೀತು. ಬಿಚ್ಚೂದ್ರಾಗ ಸಂಜಿ ಆತು.
"ಕೈ ಜಾರತದ, ಗಂಟು ಜಾರಂಗಿಲ್ಲ.
ಎರಡೂ ಬರಕೋ."
ಬರಕೊಂಡೆ. ಒಂದು ಸಾಲು ಆರು ಸಾಲಾತು.

ಮೂವತ್ತೊಂದನೇದ್ದು: ಮಾತಾಡದವರ ಸರದಿ ಮೊದಲ.
ಅದನ್ನ ಯಾರೂ ಕೇಳಿರಲಿಲ್ಲ.
ಮೂರು ವಾರ ಪರಿಮಳಾ ಟೀಚರು
ಚಹಾದ ಕಪ್ಪು ತಿರುವಿಕೋತ ಕುಂತಿದ್ರು,
ಕಳಕಪ್ಪನ ದನಿ ಮುಗಿಯೂದನ್ನ ಕಾಯಕೋತ.
ನಿಯಮ ಇಲ್ಲದ ಖೋಲಿಯೊಳಗ
ದೊಡ್ಡ ಗಂಟಲದ್ದ ನಿಯಮ.
ಅವರ ಸಿಪಾಯಿ ಮೊದಲ ಸಲ ಬಾಯಿ ಬಿಟ್ಟಾಗ
ಎದುರಿನ ಸೈನ್ಯಾ ಹಿಂದ ಸರೀತು,
ನಾ ದಾಳ ಕೇಳೂದ ಮರತೆ.

ಕಡೀಕ ಎರಡ ನಿಯಮ ಹೊಡದೆ:
ಸತ್ತ ಕುದರಿ ಬೆಲಿ, ಗಡ್ಡದ ಉದ್ದಳತಿ.
ಗಡ್ಡದ್ದನ್ನ ಮುಂಜಾನೆದ್ದು ಮತ್ತ ಸೇರಿಸಿದೆ.

ಈ ಐತವಾರ ಸಿಂಚನಾ ಒಂದು ನರಿ ಸಾಕಿದ್ಲು.
ಪುಸ್ತಕ ಬ್ಯಾಡ, ಒಂದ ದಾಳ, ಅಂದ್ಲು. ಆತು, ಅಂದೆ.
ತೋಳ ಬಂತು. ದಾಳ ಕುಣೀತು,
ಬಜಿ ಪ್ಲೇಟಿಗೆ ಬಡದು ನಿಂತತು. ಎರಡು.
ನರಿ ಸತ್ತತು.

ಸುಮ್ಮನಾದ್ಲು. ಆಮ್ಯಾಲ ಸಣ್ಣ ದನೀಲೆ:
"ಅದು ಮರಿ ಇತ್ತು. ಮರಿ ಇದ್ರ
ಇನ್ನೊಮ್ಮೆ ಉರುಳಸಾಕ ಕೊಡಬೇಕು."
ಯಾರೂ ನಗಲಿಲ್ಲ. ದಾವಲ ಪೆನ್ಸಿಲ್ ಚೂಪ ಮಾಡಿದ.
ನೀನ ಬರಿ, ಅಂದೆ; ಪುಸ್ತಕ ಆಕಿ ಕಡೆ ಸರಿಸಿದೆ,
ಇನ್ನೂರಾ ಹದಿನೈದನೇ ಪುಟ, ಖಾಲಿ.

ಬರದ್ಲು. ನಿಂತ್ಲು. ಪೆನ್ಸಿಲ್ ಕಚ್ಚಿ ತಲಿ ಎತ್ತಿದ್ಲು:
"ಮರಿ ಅಂದ್ರ ಎಷ್ಟು ತಿಂಗಳ ತನಕಾ?"

ಆರು, ಅಂದ ಕಳಕಪ್ಪ.
ಹಾಲಹಲ್ಲು ಬೀಳೂ ತನಕಾ, ಅಂದ ದಾವಲ.
ನರಿಗೆ ಹಲ್ಲು ಯಾವಾಗ ಬೀಳತಾವ, ಅಂದ್ರು ಟೀಚರು.
ಕಪ್ಪತಗುಡ್ಡದ ಕಡೆ ಒಬ್ಬ ಕುರಿ ಕಾಯಾಂವ ಅದಾನ,
ಕೇಳೂಣು, ಅಂತ ಅಂಬಾಸಾ ಫೋನ್ ತಗದ.
ಬಜಿ ಆರಿ ರಬ್ಬರಾತು.