ಕಿಸೆ ಬಿಚ್ಚಬೇಡಿ

ಏಳೂಕಾಲಿನ ಫೆರಿಯಲ್ಲಿ
ಬೆಂಗರೆಯಿಂದ ದಕ್ಕೆಗೆ ದಾಟುವಾಗ
ನನ್ನ ಗಂಟನ್ನು ಬೂತಾಯಿ ಬುಟ್ಟಿಗಳಿಂದ ದೂರ ಇಡುತ್ತೇನೆ.
ಮೀನಿನ ವಾಸನೆ ನನಗೆ ಅಡ್ಡಿಯಿಲ್ಲ, ಹುಟ್ಟಿದ್ದೇ ಅದರಲ್ಲಿ;
ಕದ್ರಿಯ ಮನೆಗಳಲ್ಲಿ ಮಾತ್ರ
ಗೋದಡಿ ಬಿಡಿಸಿದ ಕೂಡಲೇ ಮೂಗಿಗೆ ಹಿಡಿದು ನೋಡುತ್ತಾರೆ.

"ಈ ಸೆಕೆಯ ಊರಲ್ಲಿ ಯಾರಿಗೆ ಗೋದಡಿ, ಲೋಲಾಕ್ಷಿ?"
ಅಂತ ಅತ್ತೆ ನಗುತ್ತಿದ್ದರು.
ಹೌದು, ಆಗ ಬಾಣಂತಿಗೊಂದು, ಕೂಸಿಗೊಂದು,
ಆಟಿಯ ಮಳೆಗೆ ಮುದುಕರಿಗೊಂದು, ಅಷ್ಟೆ.
ಈಗ ಮನೆಮನೆಗೆ ಏಸಿ ಬಂತು ನೋಡಿ,
ಹೊರಗೆ ಬೆವರು ಇಳಿಯುವಾಗ
ಒಳಗೆ ಹದಿನೆಂಟಕ್ಕೆ ಇಟ್ಟು ನಡುಗುತ್ತಾರೆ.
ಅವರ ಚಳಿಯಲ್ಲಿ
ನನ್ನ ಕುಚ್ಚಲಕ್ಕಿ ಬೇಯುತ್ತದೆ.

ಘಟ್ಟದ ಮೇಲಿನವರು ಕೌದಿ ಅನ್ನುತ್ತಾರಂತೆ.
ಕ್ವಿಲ್ಟ್ ಅಂದರೆ ಇನ್ನೂರು ಜಾಸ್ತಿ ಸಿಗುತ್ತದೆ,
ಅಪಾರ್ಟ್‌ಮೆಂಟುಗಳಲ್ಲಿ ನಾನೂ ಹಾಗೇ ಅನ್ನುತ್ತೇನೆ.

ಬಿಜೈಯ ಟೀಚರ್ ಕೊಟ್ಟ ನೀಲಿ ಗೆರೆಯ ಸೀರೆಗೆ
ಅಂಚಲ್ಲಿ ಇನ್ನೂ ಸೀಮೆಸುಣ್ಣದ ಹುಡಿ.
ಕುದ್ರೋಳಿಯ ಐಸಮ್ಮ ಕೊಟ್ಟ ಲುಂಗಿ
ಮಸ್ಕತ್ತಿನಲ್ಲಿ ಕೊಂಡದ್ದು, ಇಲ್ಲಿ ಕೂತು ಕೂತು ಹರಿದದ್ದು.
ಒಮ್ಮೆ ಮತ್ಸ್ಯಗಂಧ ಹತ್ತಿ ಮುಂಬಯಿಗೂ ಹೋಗಿದ್ದೆ,
ಹೋಟೆಲಿನ ಹುಡುಗರಿಗೆ ಹನ್ನೊಂದು ಗೋದಡಿ.
ಇಡೀ ರಾತ್ರಿ ಬರ್ತಿನಲ್ಲಿ ಗಂಟು ಮಲಗಿತು, ನಾನು ಕೂತೆ.
ಸಮುದ್ರ ಅಲ್ಲೂ ಉಂಟಂತೆ.
ನೋಡಲಿಕ್ಕೆ ಪುರುಸೊತ್ತಾಗಲಿಲ್ಲ.

ಹೊಲಿಯುವುದು ಹೆಚ್ಚಾಗಿ ಬಸ್ಸಿನಲ್ಲೇ.
ಸ್ಟೇಟ್‌ಬ್ಯಾಂಕಿನಿಂದ ತಲಪಾಡಿಗೆ, ತಲಪಾಡಿಯಿಂದ ವಾಪಸು,
ಎಡಗಡೆಯ ಎರಡನೇ ಸೀಟು, ತೊಡೆಯ ಮೇಲೆ ಅರ್ಧ ಗೋದಡಿ.
ಪಕ್ಕದವರ ಮೊಣಕಾಲಿಗೂ ಸ್ವಲ್ಪ ಹೊದಿಕೆ, ಬಿಟ್ಟಿ.
ಫುಟ್‌ಬೋರ್ಡಿನಿಂದ ಕಂಡಕ್ಟರು ಕೂಗುತ್ತಿದ್ದರು:
"ಹೊಲಿಗೆಯಕ್ಕಾ, ಸೂಜಿ ಎತ್ತಿ! ಹಂಪು!"
ಬಸ್ಸು ಕುಪ್ಪಳಿಸಿ ಇಳಿಯುವ ತನಕ
ಸೂಜಿ ಗಾಳಿಯಲ್ಲಿ.
"ಹಾಂ, ಈಗ ಹಾಕಿ."
ಒಂಬತ್ತು ವರ್ಷ
ಇದಕ್ಕಿಂತ ಹೆಚ್ಚು ಮಾತಾಡಿದ್ದಿಲ್ಲ.

ಇಲ್ಲ, ಒಮ್ಮೆ ಆಡಿದ್ದುಂಟು.
ನೇತ್ರಾವತಿ ಸಂಕದ ಮೇಲೆ ಬ್ಲಾಕು,
ನೂಕುನುಗ್ಗಲಿನಲ್ಲಿ ಅವರ ಅಂಗಿಯ ಗುಬ್ಬಿ ಹಾರಿ
ನನ್ನ ಮಡಿಲಿಗೇ ಬಿತ್ತು.
ಸೂಜಿಯಲ್ಲಿ ಇದ್ದದ್ದು ಹಸಿರು ನೂಲು.
ನಿಂತಲ್ಲೇ ಹಾಕಿ ಕೊಟ್ಟೆ, ನೂಲು ಹಲ್ಲಲ್ಲಿ ಕಡಿಯಲಿಕ್ಕೆ ಹೋಗಿ
ನಾಚಿಕೆಯಾಗಿ ಕತ್ತರಿ ಹುಡುಕಿದೆ.
"ಕಾಕಿಗೆ ಹಸಿರಾ?" ಅಂದರು.
"ಬೇಡವಾದರೆ ಬಿಚ್ಚುತ್ತೇನೆ."
"ಇರಲಿ ಮಾರಾಯ್ರೆ, ಹಂಪಿಗೆ ಬೀಳದಿದ್ದರೆ ಸಾಕು."

ಕಳೆದ ತಿಂಗಳು ಕಂಕನಾಡಿಯಿಂದ ಕರೆ.
ಸೆವ್ರಿನ್ ಬಾಯಮ್ಮ, ಮಾತು ಕಮ್ಮಿ,
ಟೀಪಾಯಿಯ ಮೇಲೆ ಇಸ್ತ್ರಿ ಹಾಕಿದ ಏಳು ಕಾಕಿ ಅಂಗಿ.
"ಕಾಲರ್ ಬೇಕಾದರೆ ತೆಗೆಯಿರಿ,
ಕಿಸೆ ಬಿಚ್ಚಬೇಡಿ ಆಯಿತಾ,
ಕೈ ಹಾಕಿ ಮಲಗಲಿಕ್ಕೆ ಬೇಕು."
ಒಂದೊಂದೇ ಬಿಡಿಸಿ ಅಳೆಯುತ್ತಾ ಬಂದೆ.
ಐದನೆಯದರಲ್ಲಿ, ಮೇಲಿನಿಂದ ಎರಡನೇ ಗುಬ್ಬಿ.
ಹಸಿರು.

ಆಮೇಲೆ ತಲೆಯೆತ್ತಿ ಗೋಡೆ ನೋಡಿದೆ.
ಪೋಟೋದ ಕೆಳಗೆ ವಲೇರಿಯನ್ ಅಂತ ಬರೆದಿತ್ತು.
ಒಂಬತ್ತು ವರ್ಷಕ್ಕೆ ಈಗ ಒಂದು ಹೆಸರು.

"ಆ ನೂಲು ಯಾರು ಹಾಕಿದ್ದು ಅಂತ
ಎಷ್ಟು ಸಲ ಕೇಳಿದ್ದೆ ಅವರ ಹತ್ತಿರ.
ಬರೀ ನಗುತ್ತಿದ್ದರು."
ಬಾಯಮ್ಮ ನನ್ನ ಮುಖ ನೋಡಲಿಲ್ಲ, ಅಂಗಿಯನ್ನೇ ನೋಡುತ್ತಿದ್ದರು.
ಹೇಳಬಹುದಿತ್ತು, ಹೇಳುವಂಥದ್ದು ಏನೂ ಇರಲಿಲ್ಲ.
ಇಲ್ಲದ್ದನ್ನು ಹೇಗೆ ಹೇಳುವುದು?
"ಅರ್ಜೆಂಟಿಗೆ ಯಾರಾದರೂ ಹಾಕಿರಬೇಕು," ಅಂದೆ.
ಚಾ ತಂದರು. ಸಕ್ಕರೆ ಜಾಸ್ತಿ.

ಈಗ ಆ ಕಾಕಿ ನನ್ನ ತೊಡೆಯ ಮೇಲೆ,
ಅವರದ್ದೇ ಬಸ್ಸು, ಹೊಸ ಹುಡುಗ,
ಕಿವಿಗೆ ವಯರು ಸಿಕ್ಕಿಸಿಕೊಂಡು ಚಿಲ್ಲರೆ ಕೊಡುತ್ತಾನೆ.
ಯಾರೂ ಕೂಗುವುದಿಲ್ಲ.
ತೊಕ್ಕೊಟ್ಟು ಬರುವ ಮೊದಲೇ
ಕೈ ತಾನಾಗಿ ಮೇಲೆ ಹೋಗುತ್ತದೆ,
ಬಸ್ಸು ಕುಪ್ಪಳಿಸಿ ಇಳಿಯುತ್ತದೆ,
ಪಕ್ಕದ ಹೆಂಗಸು ಕೇಳುತ್ತಾಳೆ,
"ಎಂತ ಅಕ್ಕ, ಸೂಜಿ ಹಾಗೇ ಹಿಡಿದಿರಿ,
ಹಂಪು ಹೋಯಿತಲ್ಲ?"