ಮುದ್ರೆಯ ತಾರೀಖು

'ತಿಳಿಸಲು ಹರ್ಷಿಸುತ್ತೇವೆ' ಎಂದು ಟೈಪಿಸಿ
ನಿಂತುಬಿಟ್ಟೆ.
ಹರ್ಷ ಯಾರದೆಂದು ಮಂಡಳಿ ಹೇಳಿರಲಿಲ್ಲ.
ಹತ್ತರೊಳಗೆ ಪ್ರಕಟಣೆ ಹೋಗಬೇಕು
ಪತ್ರಿಕೆಗೆ, ರೇಡಿಯೋಗೆ, ಗಣಿ ಯೂನಿಯನ್ನಿಗೆ,
ಹಣ ಕೊಡುವ ನಾಲ್ಕು ಚರ್ಚುಗಳಿಗೆ.

ಕೆಂಟಕಿಯ ಪೂರ್ವದ ಮೂಲೆಯಲ್ಲಿ
ಹಳೆಯ ಬೂಟಿನಂಗಡಿಯ ಮಾಳಿಗೆಯ ಮೇಲೆ
ನಮ್ಮ ಕಾನೂನು ನೆರವಿನ ಕಚೇರಿ.
ಇವತ್ತಿಗೂ ಥಂಡಿ ದಿನ ಮೆಟ್ಟಿಲು ತೊಗಲು ನಾರುತ್ತದೆ.
ಬರುವವರು ಹದಿನೇಳು ಮೆಟ್ಟಿಲಿಗೆ ಮೂರು ಸಲ ನಿಲ್ಲುವವರು.
ನಾಲ್ಕನೆಯ ಸಲ ನಿಂತ ಸದ್ದಾದರೆ
ನಾನೇ ಅರ್ಜಿ ಹಿಡಿದು ಕೆಳಗಿಳಿಯುತ್ತೇನೆ.

ಕೈ ಕೆಸರಾದರೆ ಬಾಯಿ ಮೊಸರು –
ಆ ಗಾದೆ ಈ ಬೆಟ್ಟ ಹತ್ತಿಲ್ಲ.
ಇಲ್ಲಿ ಕೈ ಮಸಿಯಾದರೆ ಎದೆಗೂಡೂ ಮಸಿ,
ಅದು ಮಸಿಯೇ ಎಂದು ರುಜುವಾತಾಗಲು ಹನ್ನೊಂದು ವರ್ಷ.
ಕಂಪನಿಯ ಡಾಕ್ಟರಿಗೆ ಪ್ರತಿ ಎಕ್ಸ್‌ರೇಯಲ್ಲೂ
ಸಿಗರೇಟೇ ಕಾಣುತ್ತದೆ,
ಜನ್ಮದಲ್ಲಿ ಸೇದದವನ ಎಕ್ಸ್‌ರೇಯಲ್ಲೂ.

ಎಲ್ಬರ್ಟ್ ಫ್ಯೂಗೇಟ್ ಮೂವತ್ತೊಂದು ವರ್ಷ ನಡೆಸಿದ ಇದನ್ನು.
ಮೇಜಿನ ಎಡಗಡೆ ಖಾನೆ ತುಂಬ ಕೆಮ್ಮಿನ ಪೆಪ್ಪರಮೆಂಟು,
ಬಲಗಡೆಯದರಲ್ಲಿ ಸಂಬಳ ಕೊಡಲಾಗದ ತಿಂಗಳ ಲೆಕ್ಕ.
ಈಗ ಮಂಡಿ ಸೋತು ಮಗಳ ಊರಿಗೆ ಹೊರಟಿದ್ದಾನೆ.
ಅವನ ಜಾಗಕ್ಕೆ ನಾಲ್ವರು ಬಂದರು.
ಒಬ್ಬ ವಾಷಿಂಗ್ಟನ್ನಿನವ, ಬೂಟು ಚೆನ್ನಾಗಿತ್ತು.
ಇನ್ನೊಬ್ಬ ಗೋಡೆಗೆ ಬೆಳಕು ಬಿಟ್ಟು ಬಾಣದ ಗುರುತು ತೋರಿಸಿದ,
ಎಲ್ಲ ಬಾಣವೂ ಮೇಲಕ್ಕೇ.
ಮೂರನೆಯವಳನ್ನು ಮರೆತೆ.
ನಾಲ್ಕನೆಯವಳನ್ನು, ಈ ಸಂಸ್ಥೆಯ ಬಲ ಯಾವುದು ಎಂದು ಕೇಳಿದರು.
'ಇಲ್ಲಿ ಕಡತ ಎಸೆಯುವುದಿಲ್ಲವಂತೆ,' ಅಂದಳು.
ನಡಾವಳಿಯಲ್ಲಿ ಹಾಗೇ ಬರೆದುಕೊಂಡೆ, ತಲೆಯೆತ್ತದೆ.

ಡೆಲ್ಫಿಯಾ ಸೈಜ್‌ಮೋರ್.
ಹೆಸರು ನನಗಿಂತ ಮೊದಲು ಬೆರಳಿಗೆ ಗೊತ್ತಾಗಿತ್ತು.
ಆರ್ಲಿಸ್ ಸೈಜ್‌ಮೋರನ ಹಸಿರು ಕಡತ:
ಮೇಲ್ಮನವಿಗೆ ಮೂವತ್ತು ದಿನದ ಗಡುವು,
ಲಕೋಟೆಯ ಮೇಲೆ ಮೂವತ್ತೊಂದನೆಯ ದಿನದ ಮುದ್ರೆ.
ತೊರೆ ಉಕ್ಕಿ ರಸ್ತೆ ಮುಳುಗಿತ್ತೆಂದು ಎಲ್ಬರ್ಟ್ ಬರೆದುಕೊಟ್ಟ.
ಉಕ್ಕಿದ್ದು ನಿಜ. ಮಧ್ಯಾಹ್ನ ಮೂರಕ್ಕೆ.
ಬೆಳಗ್ಗೆ ಲಕೋಟೆ ನನ್ನ ಕಾರಿನ ಸೀಟಿನ ಮೇಲಿತ್ತು,
ನಾನು ತಂಗಿಯ ಮಗನ ಹುಟ್ಟುಹಬ್ಬದ ಕೇಕಿಗೆ
ಸರತಿಯಲ್ಲಿ ನಿಂತಿದ್ದೆ.
ಎಲ್ಬರ್ಟ್ ಕೇಳಲಿಲ್ಲ. ನಾನೂ ಹೇಳಲಿಲ್ಲ.
ಆರ್ಲಿಸ್ ಆ ಚಳಿಗಾಲ ದಾಟಲಿಲ್ಲ.

ಮೆಟ್ಟಿಲಿನ ಮೇಲೆ ಹೆಜ್ಜೆ. ಎಲ್ಲೂ ನಿಲ್ಲದ ಹೆಜ್ಜೆ.
ಪ್ರಕಟಣೆ ಹೋಗುವ ಮೊದಲೇ ಬಂದುಬಿಟ್ಟಳು,
ಕೋಟು ಬಿಚ್ಚದೆ ಕಡತದ ಕೋಣೆಯ ಕೀಲಿ ಕೇಳಿದಳು.
ಹುಡುಕುವ ಸದ್ದೇ ಬರಲಿಲ್ಲ,
ಕತ್ತಲಲ್ಲಿ ಸ್ವಂತ ಮನೆಯ ದೀಪದ ಗುಂಡಿ ಸಿಕ್ಕಹಾಗೆ ಸಿಕ್ಕಿರಬೇಕು.
ಹಸಿರು ಕಡತ ತಂದು ನನ್ನ ಮೇಜಿನ ಮೇಲಿಟ್ಟಳು.

'ತೊರೆ ಆವತ್ತು…' ಎಂದೆ.
'ಮೂರಕ್ಕೆ ಉಕ್ಕಿತು,' ಅಂದಳು.
'ಸ್ಕೂಲ್ ಬಸ್ಸಿನಲ್ಲಿದ್ದೆ. ಕಿಟಕಿಯ ಹತ್ತಿರದ ಸೀಟು.'

ಗಡಿಯಾರ ಅದರ ಪಾಡಿಗೆ ನಡೆಯಿತು.
ನನ್ನ ನಾಲಿಗೆಯ ಮೇಲೆ ಆ ಕೇಕು,
ಅಷ್ಟು ವರ್ಷದ ಹಿಂದಿನ ಸಕ್ಕರೆ.
ಬೈದಿದ್ದರೆ ಅಳಬಹುದಿತ್ತು,
ಕ್ಷಮಿಸಿದ್ದರೆ ರಾಜೀನಾಮೆ ಕೊಡಬಹುದಿತ್ತು.

ಅವಳು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು
ಪೆನ್ಸಿಲಿನಿಂದ ಎಣಿಸಿದಳು.
'ಇನ್ನು ನಮ್ಮ ಗಡುವು ಇಪ್ಪತ್ತು ದಿನ, ವೆರ್ನಾ.
ಕೋರ್ಟಿನದು ಎಷ್ಟಾದರೂ ಇರಲಿ.
ಅಂಚೆಗೆ ನೀವೇ ಹೋಗಬೇಕು.
ಬೇರೆ ಯಾರನ್ನೂ ಕಳಿಸುವುದಿಲ್ಲ.'
ಆಮೇಲೆ ಎಲ್ಬರ್ಟನ ಕುರ್ಚಿಯ ಎತ್ತರ ತಗ್ಗಿಸತೊಡಗಿದಳು.
ಅದು ತಗ್ಗಲಿಲ್ಲ. ಮೂವತ್ತೊಂದು ವರ್ಷದ ತುಕ್ಕು.

ನಾನು ವಾಕ್ಯ ಮುಗಿಸಿದೆ.
ತಿಳಿಸಲು ಹರ್ಷಿಸುತ್ತೇವೆ –
ಹೆಸರು, ಹುದ್ದೆ, ಓದಿದ ಕಾಲೇಜು.
ಯಾರ ಮಗಳೆಂಬುದು ನಮೂನೆಯಲ್ಲಿಲ್ಲ.
ಒಂಬತ್ತೂ ಹತ್ತಕ್ಕೆ ಅಂಚೆ ಕಚೇರಿಯ ಕಿಟಕಿಯಲ್ಲಿದ್ದೆ.
ಮುದ್ರೆ ಬಿದ್ದ ಮೇಲೂ
ಲಕೋಟೆಯಿಂದ ಕೈ ತೆಗೆಯಲಿಲ್ಲ,
ತಾರೀಖು ಓದಿದೆ.
ಇನ್ನೊಮ್ಮೆ ಓದಿದೆ.
ಹಿಂದೆ ನಿಂತವರು ಕೆಮ್ಮಿದರು.